ಹೆದ್ದಾರಿ ಬದಿಯ ಹಂಚಿನ ಮನೆ, ದಿನವಿಡೀ ಕೆಂಪು ದೂಳು. ಏರ್ ಪ್ಯೂರಿಫೈಯರ್ ತಂದರೆ ಕಡಿಮೆ ಆಗುತ್ತದಾ?

ಉಪ್ಪಳದಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಉಪ್ಪಳದ ಹತ್ತಿರ, ಹೆದ್ದಾರಿ 66ರಿಂದ ಒಂದು ಐವತ್ತು ಮೀಟರ್ ಒಳಗೆ. ರಸ್ತೆ ಆರು ಪಥ ಮಾಡಲು ಗುಡ್ಡ ಕಡಿದ ಮೇಲೆ ನಮ್ಮ ಮನೆಯ ದೂಳಿನ ಬಣ್ಣವೇ ಬದಲಾಯಿತು. ನೆಲ ಒರೆಸಿದ ಬಟ್ಟೆ ಹಿಂಡಿದರೆ ಬಕೆಟ್ ನೀರು ಚಹಾದ ಹಾಗೆ. ಅಂಗಳದಲ್ಲಿ ಒಣಗಲು ಹಾಕಿದ ಮಾವನ ಬಿಳಿ ಪಂಚೆಯನ್ನು ಸಂಜೆ ತೆಗೆಯುವಾಗ ಮಡಿಕೆಯಲ್ಲೆಲ್ಲ ಕೆಂಪು ಗೆರೆ. ಮಳೆಗಾಲದಲ್ಲಿ ಪರವಾಗಿಲ್ಲ, ಡಿಸೆಂಬರ್‌ನಿಂದ ಮೇ ತನಕ ಸಾಕಾಗಿ ಹೋಗುತ್ತದೆ.

ನನ್ನ ಚಿಂತೆ ಮಗನದ್ದು. ಏಳು ವರ್ಷ. ಬೆಳಿಗ್ಗೆ ಎದ್ದ ಕೂಡಲೇ ಸೀನು ಶುರು, ಒಂದರ ಹಿಂದೆ ಒಂದು ಹತ್ತು ಹದಿನೈದು. ರಾತ್ರಿ ಕೆಲವೊಮ್ಮೆ ಉಬ್ಬಸ. ಡಾಕ್ಟರ್‌ಗೆ ತೋರಿಸಿದ್ದೇವೆ, ಇನ್‌ಹೇಲರ್ ಉಂಟು. ಚಾವಡಿಯಲ್ಲಿ ಇಡಲು ದೊಡ್ಡದೊಂದು ಪ್ಯೂರಿಫೈಯರ್ ತೆಗೆದುಕೊಳ್ಳೋಣ ಅಂತ ಇದ್ದೇವೆ, 15,000 ರೂಪಾಯಿ ತನಕ ಆಗಬಹುದು. ಇಡೀ ಮನೆಯ ದೂಳಿಗೆ ಒಂದು ಸಾಕಾ? ಯಾವುದು ಒಳ್ಳೆಯದು ಅಂತ ಗೊತ್ತಿದ್ದವರು ಹೇಳಿ.

ಕುಂಬಳೆ ವಾಸಿ

ಅಕ್ಕ, ನಾವು ಎರಡು ವರ್ಷದಿಂದ ಬಳಸುತ್ತಿದ್ದೇವೆ, ಅದಕ್ಕೇ ಹೇಳುತ್ತೇನೆ, ಚಾವಡಿಗೆ ಬೇಡ. ಹಂಚಿನ ಮಾಡು ಅಂದ್ರೆ ಹಂಚಿನ ಸಂದಿಯಲ್ಲಿ, ಗೋಡೆ ಮತ್ತು ಪಕಾಸಿನ ನಡುವೆ, ಎಲ್ಲ ಕಡೆಯಿಂದ ಗಾಳಿ ಬರುತ್ತದೆ. ಒಂದು ಕಡೆ ಶುದ್ಧ ಮಾಡಿದಷ್ಟೂ ಇನ್ನೊಂದು ಕಡೆಯಿಂದ ದೂಳು ಒಳಗೆ ಬರುತ್ತಲೇ ಇರುತ್ತದೆ.

ಇನ್ನೊಂದು ವಿಷಯ. ನಿಮ್ಮ ಕಣ್ಣಿಗೆ ಕಾಣುವ ಕೆಂಪು ದೂಳು ಮತ್ತು ಮಷಿನ್ ಹಿಡಿಯುವ ದೂಳು ಬೇರೆ ಬೇರೆ. ನಮ್ಮ ಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ರಸ್ತೆಯ ಮಣ್ಣಿನ ದಪ್ಪ ಕಣಗಳು ಒಳಗೆ ಬಂದು ಸ್ವಲ್ಪ ಹೊತ್ತಿನಲ್ಲೇ ಮೇಜಿನ ಮೇಲೆ, ನೆಲದ ಮೇಲೆ ಕೂತುಬಿಡುತ್ತವೆ. ಮಷಿನ್ ಮೂಲೆಯಲ್ಲಿ ಕೂತು ಗಾಳಿ ಎಳೆಯುವುದು, ಅದರ ತನಕ ತೇಲಿಕೊಂಡು ಬಂದದ್ದು ಮಾತ್ರ ಅದಕ್ಕೆ ಸಿಗುತ್ತದೆ. ಒಂದೆರಡು ಮೈಕ್ರಾನಿನ ಸಣ್ಣ ಕಣ ಗಂಟೆಗಟ್ಟಲೆ ತೇಲುತ್ತದೆ, ಶ್ವಾಸಕೋಶದ ಆಳಕ್ಕೆ ಹೋಗುವುದೂ ಅದೇ. ಅದನ್ನು ಮಷಿನ್ ಚೆನ್ನಾಗಿ ಹಿಡಿಯುತ್ತದೆ. ನಮ್ಮಲ್ಲಿ ಡಿಸ್‌ಪ್ಲೇಯಲ್ಲಿ 20 ಅಂತ ಹಸಿರು ದೀಪ ಉರಿಯುತ್ತಿರುತ್ತದೆ, ಪಕ್ಕದ ಸ್ಟೂಲ್ ಮೇಲೆ ಬೆರಳಿಟ್ಟರೆ ಕೆಂಪು. ಮೊದಮೊದಲು ಮಷಿನ್ ಹಾಳಾಗಿದೆ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ತೋರಿಸುವುದು ಪಿಎಂ 2.5 ಮಾತ್ರ, ಅಂದ್ರೆ 2.5 ಮೈಕ್ರಾನ್ ಮತ್ತು ಅದಕ್ಕಿಂತ ಸಣ್ಣ ಕಣ, ದಪ್ಪ ದೂಳು ಅದರ ಲೆಕ್ಕಕ್ಕೇ ಇಲ್ಲ.

ಮಗ ಮಲಗುವ ಕೋಣೆಗೆ ಹಂಚಿನ ಕೆಳಗೆ ಮುಚ್ಚಿಗೆ (ಸೀಲಿಂಗ್) ಉಂಟಾ? ಇದ್ದರೆ ಅಲ್ಲಿ ಇಡಿ, ಬಾಗಿಲು ಕಿಟಕಿ ಹಾಕಿ.

ಹೊಸಂಗಡಿ ಫಿಟ್ಟರ್

ನಾನು ಎ.ಸಿ. ಕೆಲಸ ಮಾಡುವವನು. ತೆಗೆದುಕೊಳ್ಳುವಾಗ ಬಾಕ್ಸ್ ಮೇಲೆ "400 ಚದರ ಅಡಿಗೆ" ಅಂತ ಬರೆದದ್ದನ್ನು ನೋಡಬೇಡಿ, ಸಿಎಡಿಆರ್ ಅಂತ ಒಂದು ಅಂಕಿ ಇರುತ್ತದೆ, ಅದನ್ನು ನೋಡಿ. ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅಂತ ಅದರ ಅರ್ಥ. 12ಕ್ಕೆ 12 ಅಡಿ ಕೋಣೆ, ಎತ್ತರ 10 ಅಡಿ ಅಂದ್ರೆ 1,440 ಘನ ಅಡಿ, ಹತ್ತಿರ ಹತ್ತಿರ 41 ಘನ ಮೀಟರ್. ಉಬ್ಬಸ ಇರುವ ಮಗುವಿಗೆ ಗಂಟೆಗೆ ಐದು ಸಲವಾದರೂ ಕೋಣೆಯ ಗಾಳಿ ಫಿಲ್ಟರ್ ಆಗಬೇಕು, ಹಾಗಾಗಿ 205. ಬರೆದ ಅಂಕಿ ಫುಲ್ ಸ್ಪೀಡಿನದ್ದು, ಆ ಸದ್ದಿನಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಅದಕ್ಕೆ 300ರ ಮೇಲಿನದ್ದು ತೆಗೆದುಕೊಂಡು ಮಧ್ಯದ ಸ್ಪೀಡಿನಲ್ಲಿ ಓಡಿಸಿ. ಕರೆಂಟ್ ಜಾಸ್ತಿ ಏನಿಲ್ಲ, 50 ವಾಟ್ ಆದರೆ ಹತ್ತು ಗಂಟೆಗೆ ಅರ್ಧ ಯೂನಿಟ್.

ಫಿಲ್ಟರ್ ನಿಜವಾದ ಹೆಪಾ ಇರಲಿ. 0.3 ಮೈಕ್ರಾನಿನ ಕಣವನ್ನೂ 99.97 ಶೇಕಡಾ ಹಿಡಿಯುವುದಕ್ಕೆ ಆ ಹೆಸರು. "ಹೆಪಾ ಟೈಪ್" ಅಂತ ಬರೆದದ್ದು ಬೇಡ. ಅಯಾನೈಸರ್ (ಗಾಳಿಗೆ ವಿದ್ಯುತ್ ಕಣ ಬಿಡುವ ಭಾಗ) ಇದ್ದರೆ ಆಫ್ ಮಾಡಿ ಇಡಿ, ಕೆಲವು ಮಷಿನ್‌ಗಳಲ್ಲಿ ಅದರಿಂದ ಓಝೋನ್ ಬರುತ್ತದೆ, ಉಬ್ಬಸ ಇದ್ದವರಿಗೆ ಅದು ಕೆಟ್ಟದ್ದು.

ಬದಿಯಡ್ಕದ ತೋಟ

ಕೋಣೆಯನ್ನು ಇಡೀ ರಾತ್ರಿ ಹಾಕಿ ಇಡಿ ಅಂತ ಹೇಳುತ್ತೀರಲ್ಲ, ನಮ್ಮ ಕಡೆಯ ಸೆಕೆಯಲ್ಲಿ ಏಪ್ರಿಲ್ ತಿಂಗಳಲ್ಲಿ ಅದು ಆಗುವ ಕೆಲಸವಾ? ಮಗು ಬೆವರಿ ಒದ್ದೆಯಾಗುತ್ತದೆ. ರಸ್ತೆಯ ಕಡೆಯ ಕಿಟಕಿ ಮಾತ್ರ ಹಾಕಿ, ತೋಟದ ಕಡೆಯದ್ದು ರಾತ್ರಿ ಹತ್ತರ ಮೇಲೆ ಗಾಡಿ ಕಡಿಮೆ ಆದ ನಂತರ ಸ್ವಲ್ಪ ತೆರೆಯಿರಿ ಅಂತ ನನ್ನ ಅಭಿಪ್ರಾಯ.

ನಮ್ಮದು ಅಡಿಕೆಯ ದೂಳು. ಚಾಲಿ, ಅಂದ್ರೆ ಒಣಗಿಸಿದ ಅಡಿಕೆ, ಸುಲಿಯುವ ದಿನಗಳಲ್ಲಿ ಮನೆಯೊಳಗೆ ಮಂಜು ಬಿದ್ದ ಹಾಗೆ ಕಾಣುತ್ತದೆ, ನನಗೂ ಕೆಮ್ಮು. ಪ್ಯೂರಿಫೈಯರ್ ತಂದು ಒಂದು ತಪ್ಪು ಮಾಡಿದೆ, ಫಿಲ್ಟರ್ ಕೊಳೆಯಾಗಿದೆ ಅಂತ ನಲ್ಲಿಯ ಕೆಳಗೆ ಹಿಡಿದು ತೊಳೆದು ಬಿಸಿಲಿಗೆ ಇಟ್ಟೆ. ಹೊರಗಿನ ಜಾಲರಿ ತೊಳೆಯಬಹುದು, ಒಳಗಿನ ಹೆಪಾ ತೊಳೆಯಬಾರದು. ಅದು ಕಾಗದದ ಹಾಗೆ ಮಡಿಕೆ ಮಡಿಕೆ ಇರುತ್ತದೆ, ನೀರು ಬಿದ್ದರೆ ಮುಗಿಯಿತು. ಹೊಸದಕ್ಕೆ 2,200 ಕೊಟ್ಟೆ. ಈಗ ಸುಲಿಯುವುದನ್ನೇ ಕೊಟ್ಟಿಗೆಯ ಆಚೆ ಬದಿಗೆ ಹಾಕಿದ್ದೇನೆ, ಮಷಿನ್‌ಗಿಂತ ಜಾಸ್ತಿ ಉಪಕಾರ ಅದರಿಂದಲೇ ಆದದ್ದು.

ಮತ್ತೆ ಅಕ್ಕ, ಹಿಡಿಸೂಡಿಯಲ್ಲಿ ಒಳಗೆ ಗುಡಿಸುವುದನ್ನು ಬಿಡಿ. ಕೂತ ದೂಳು ಮತ್ತೆ ಏಳುವುದು ಅದರಿಂದಲೇ. ಒದ್ದೆ ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ರೆಕ್ಕೆ ಸಹಿತ.

ಕುಂಬಳೆ ವಾಸಿ

ಕಿಟಕಿಯ ವಿಷಯ ನೀವು ಹೇಳಿದ್ದು ಸರಿ ಅಣ್ಣ. ನಾವು ಸಂಜೆ ಏಳರಿಂದ ಬಾಗಿಲು ಹಾಕಿ ಮಷಿನ್ ಓಡಿಸುತ್ತೇವೆ, ಫ್ಯಾನ್ ತಿರುಗುತ್ತಿರುತ್ತದೆ. ತುಂಬಾ ಸೆಕೆ ಇದ್ದ ದಿನ ತೆರೆಯುತ್ತೇವೆ, ಬೇರೆ ದಾರಿ ಇಲ್ಲ.

ಅಕ್ಕ, ಒಂದು ಕೇಳಬೇಕಿತ್ತು. ಸೀನು *ಎದ್ದ ಕೂಡಲೇ* ಅಂತ ಬರೆದಿದ್ದೀರಿ. ದಿನವಿಡೀ ರಸ್ತೆ ಬದಿ ಆಡಿದಾಗ ಇಲ್ವಾ?

ಉಪ್ಪಳದಕ್ಕ

ತಡವಾಗಿ ಬರೆಯುತ್ತಿದ್ದೇನೆ, ಎಲ್ಲರೂ ಕ್ಷಮಿಸಿ. ಮಷಿನ್ ತಂದು ಮೂರು ವಾರ ಆಯಿತು, ಸಿಎಡಿಆರ್ 310. ಮಗನ ಕೋಣೆಗೆ ಮುಚ್ಚಿಗೆ ಉಂಟು, ಅಲ್ಲೇ ಇಟ್ಟಿದ್ದೇವೆ. ರಸ್ತೆ ಕಡೆಯ ಕಿಟಕಿಯ ಸಂದಿಗೆ ಫೋಮ್ ಪಟ್ಟಿ ಅಂಟಿಸಿದೆ, ಬಾಗಿಲ ಅಡಿಗೆ ಹಳೆ ಸೀರೆ ಸುತ್ತಿ ಇಟ್ಟೆ. ರಾತ್ರಿಯ ಉಬ್ಬಸ ಈ ಮೂರು ವಾರದಲ್ಲಿ ಒಂದೇ ಸಲ ಬಂತು. ಚಾವಡಿಯಲ್ಲಿ ದೂಳು ಹಾಗೇ ಉಂಟು, ದಿನಕ್ಕೆರಡು ಸಲ ಒರೆಸುತ್ತೇನೆ.

ಆದರೆ ಬೆಳಗಿನ ಸೀನು ಹೋಗಲಿಲ್ಲ. ಮತ್ತೆ ನೀವು ಕೇಳಿದ್ದು ನಿಜ, ಹೊರಗೆ ಆಡುವಾಗ ಅಷ್ಟು ಇಲ್ಲ. ನಿನ್ನೆ ಜಾಲರಿ ತೆಗೆದು ನೋಡಿದೆ. ಪೂರ್ತಿ ಕೆಂಪು ಇರಬಹುದು ಅಂದುಕೊಂಡಿದ್ದೆ. ನೋಡಿದರೆ ಬೂದು ಬಣ್ಣದ ಹಿಂಜಿದ ಹತ್ತಿಯ ಹಾಗೆ, ಬೆರಳಲ್ಲಿ ಎತ್ತಿದರೆ ಹಾಳೆಯ ಹಾಗೆ ಬರುತ್ತದೆ. ಇದು ರಸ್ತೆಯದ್ದಲ್ಲ ಅಲ್ವಾ?

ಕುಂಬಳೆ ವಾಸಿ

ಅಲ್ಲ ಅಕ್ಕ. ಅದು ಬಟ್ಟೆಯ, ಹೊದಿಕೆಯ ನೂಲು, ನಮ್ಮ ಚರ್ಮದ ಪುಡಿ. ಮಗ ಮಲಗುವುದು ಹತ್ತಿಯ ಹಳೆ ಹಾಸಿಗೆಯಾ?

ಉಪ್ಪಳದಕ್ಕ

ಹೌದು. ನನ್ನ ಮದುವೆಯ ಸಮಯದ್ದು.

ಕುಂಬಳೆ ವಾಸಿ

ಹಾಗಾದರೆ ಸೀನಿಗೆ ಕಾರಣ ಅಲ್ಲೇ ಇರುವ ಹಾಗೆ ಕಾಣುತ್ತದೆ. ಕರಾವಳಿಯ ತೇವದಲ್ಲಿ ಹಾಸಿಗೆಯೊಳಗೆ ಕಣ್ಣಿಗೆ ಕಾಣದ ಮೈಟ್ ಹುಳ ತುಂಬಾ ಬೆಳೆಯುತ್ತದೆ, ಅದರ ಹಿಕ್ಕೆಗೆ ಸೀನು ಬರುತ್ತದೆ. ಮಗು ಹಾಸಿಗೆಯಲ್ಲಿ ಹೊರಳಿದಾಗ ಆ ಹಿಕ್ಕೆಯ ದೂಳು ಮೇಲೆ ಎದ್ದು ಬೇಗ ಕೂರುತ್ತದೆ, ಮಗುವಿನ ಮೂಗು ಅಲ್ಲೇ ಇರುತ್ತದಲ್ಲ, ಮೂಲೆಯ ಮಷಿನ್‌ಗೆ ಅದು ಸಿಗುವುದಿಲ್ಲ. ಹಳೆಯದ್ದು ತೆಗೆಯಿರಿ. ಹೊಸ ಹಾಸಿಗೆಗೆ, ದಿಂಬಿಗೆ ಝಿಪ್ ಇರುವ ಒತ್ತು ನೇಯ್ಗೆಯ ಕವರ್ ಹಾಕಿ. ಹೊದಿಕೆಯನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಡಾಕ್ಟರ್‌ಗೂ ಈ ಬೆಳಗಿನ ಸೀನಿನ ವಿಷಯ ಬಿಡಿಸಿ ಹೇಳಿ, ಅಲರ್ಜಿ ಪರೀಕ್ಷೆ ಬೇಕಾ ಅಂತ ಅವರೇ ನೋಡಲಿ.

ಉಪ್ಪಳದಕ್ಕ

ನಾಳೆಯೇ ಹಾಸಿಗೆ ಹೊರಗೆ ಹಾಕುತ್ತೇನೆ. ಒಣಗಲು ಹಾಕುವ ಹೊದಿಕೆಗೆ ಮತ್ತೆ ರಸ್ತೆಯ ದೂಳು ಬೀಳದ ಹಾಗೆ ಹಿತ್ತಿಲ ಕಡೆ ಹಗ್ಗ ಕಟ್ಟಲು ಇವರಿಗೆ ಹೇಳಿದ್ದೇನೆ.