ಪದ ಬೇಕು: ಬೋಲ್ಟಿನ ‘ಎಂಬೆಡೆಡ್ ಎಮಿಷನ್ಸ್’ಗೆ ಕನ್ನಡದಲ್ಲಿ ಏನು?

ದಾವಣಗೆರೆಯಿಂದ:
ಸೋಮವಾರದೊಳಗೆ ಒಂದು ಪದ ಬೇಕಾಗಿದೆ. ಹರಿಹರದ ಕಡೆ ಕಾರಿಗೆ ಬೋಲ್ಟು ಮಾಡುವ ಶೆಡ್ಡಿನವರಿಗೆ ಕನ್ನಡದ ರಿಜಿಸ್ಟರು. ‘ಎಂಬೆಡೆಡ್ ಎಮಿಷನ್ಸ್’ ಅಂದರೆ ಮಾಲು ತಯಾರಾಗುವಾಗ ಹೊರಬಿದ್ದ ಕಾರ್ಬನ್ ಡೈಆಕ್ಸೈಡ್‌ನ ಲೆಕ್ಕ. ಮಾಲು ಯುರೋಪಿಗೆ ಹೋಗುತ್ತದೆ. ಆ ಲೆಕ್ಕದ ಮೇಲೆ ಅಲ್ಲಿ ಹಾಕುವ ಗಡಿ ಇಂಗಾಲ ಸುಂಕ 2026ರ ಜನವರಿಯಿಂದ ಪೂರ್ತಿ ಜಾರಿ. ಇಡೀ ಕಾರು ಅದರಲ್ಲಿ ಬರುವುದಿಲ್ಲ, ಕಸ್ಟಮ್ಸ್ ಕೋಡ್ 7318ರ ಬೋಲ್ಟು, ನಟ್ಟು, ಸ್ಕ್ರೂ ಬರುತ್ತವೆ. ಕಾಲಂ ತಲೆಬರಹಕ್ಕೆ ಒಬ್ಬರು ‘ಅಂತರ್ಗತ ಇಂಗಾಲ’ ಎಂದು ಬರೆದುಕೊಟ್ಟಿದ್ದಾರೆ. ನಡೆಯುತ್ತದೆಯೇ?

ಮರು: ಚಿತ್ರದುರ್ಗ
ನಡೆಯಲ್ಲ. ಬೋಲ್ಟಿನೊಳಗಿನ ಇಂಗಾಲ ಅಂದರೆ ಶಾಪ್‌ನಲ್ಲಿ ಒಂದೇ ಅರ್ಥ, ಉಕ್ಕಿನ ಕಾರ್ಬನ್ ಪರ್ಸೆಂಟು. ಉಕ್ಕಿನ ಜೊತೆ ಬರುವ ಮಿಲ್ ಟೆಸ್ಟ್ ಸರ್ಟಿಫಿಕೇಟ್ ನೋಡಿ 0.35 ಅಂತ ತುಂಬಿಬಿಡುತ್ತಾರೆ. ಕೇಳಿರುವುದು ಒಂದು ಟನ್ ಮಾಲಿಗೆ ಎಷ್ಟು ಟನ್ ಕಾರ್ಬನ್ ಡೈಆಕ್ಸೈಡ್ ಹೋಯಿತು ಅಂತ. ಊದುಕುಲುಮೆಯ ಉಕ್ಕಿಗೆ ಅದು ಸರಾಸರಿ 2.3ರ ಹತ್ತಿರ, ಗುಜರಿ ಕರಗಿಸುವ ವಿದ್ಯುತ್ ಕುಲುಮೆಯದಕ್ಕೆ 0.7ರ ಆಸುಪಾಸು. 0.35 ಕಂಡರೆ ಅಲ್ಲಿನ ತಪಾಸಣೆಯವರು ನಗುತ್ತಾರೆ.
ಅಲ್ಲದೆ ಈ ಇಂಗಾಲ ಉಕ್ಕಿನಲ್ಲಿ ಉಳಿದದ್ದಲ್ಲ. ಅದಿರಿನ ಆಮ್ಲಜನಕವನ್ನು ಕಿತ್ತುಕೊಂಡು ಚಿಮಣಿಯಿಂದ ಹೋದದ್ದು. ಹೊರಗೆ ಹೋದದ್ದು ‘ಅಂತರ್ಗತ’ ಹೇಗಾಯಿತು ಸ್ವಾಮಿ?

ಮರು: ಹೊಸದುರ್ಗ
ಮೊದಲು ‘ಇಂಗಾಲ’ವನ್ನೇ ಬಿಡಿ. ಸಂಸ್ಕೃತದ ಅಂಗಾರ ಪ್ರಾಕೃತದಲ್ಲಿ ಇಂಗಾಲವಾಗಿ ನಮ್ಮಲ್ಲಿಗೆ ಬಂತು. ನಮಗೆ ಕೆಂಡ ಇದೆ, ಇದ್ದಿಲು ಇದೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ್ದೂ ಸೌದೆಯ ಇದ್ದಿಲಿನಿಂದಲೇ. ‘ಒಡಲಹೊಗೆ’ ಎನ್ನಿ, ಮುಗಿಯಿತು. ನಮ್ಮ ‘ಉಕ್ಕು’ ಇಂಗ್ಲಿಷಿಗೆ ಹೋಗಿ ‘ವೂಟ್ಸ್’ ಆಯಿತೆನ್ನುತ್ತಾರೆ. ಉಕ್ಕಿಗೆ ಪದ ಕೊಟ್ಟವರು ಅದರ ಹೊಗೆಗೆ ಸಾಲ ಎತ್ತಬೇಕೇ?

ಮರು: ಚಿತ್ರದುರ್ಗ
ಒಡಲಹೊಗೆ ಎಂದರೆ ಓದುವವರಿಗೆ ಹೊಟ್ಟೆಕಿಚ್ಚು ನೆನಪಾಗುತ್ತದೆ. ಕಾರಿನ ಮಾತಲ್ಲಿ ಹೊಗೆ ಅಂದರೆ ಬಂಕಿನ ಪಕ್ಕದ ಹೊಗೆ ತಪಾಸಣೆ, ಸೈಲೆನ್ಸರಿನದು. ಇಲ್ಲಿ ಲೆಕ್ಕಕ್ಕೆ ಬೇಕಾದದ್ದು ಕಾರು ಸ್ಟಾರ್ಟ್ ಆಗುವುದಕ್ಕೂ ಮೊದಲಿನದು. ಅದಿರು ನಮ್ಮ ಭೀಮಸಮುದ್ರದ ಗುಡ್ಡದ್ದೇ ಇರಬಹುದು, ಕೋಕಿಂಗ್ ಕಲ್ಲಿದ್ದಲು ಹೆಚ್ಚಾಗಿ ಆಸ್ಟ್ರೇಲಿಯಾದ್ದು. ಇಷ್ಟು ದೇಶ ಸುತ್ತಿದ್ದು ಒಡಲಲ್ಲಿ ಹಿಡಿಸಲ್ಲ.

ಮರು: ದಾವಣಗೆರೆ, ಮಂಡಿಪೇಟೆ
ಲೆಕ್ಕದ ಪದ ಲೆಕ್ಕದವರ ಬಾಯಲ್ಲೇ ಇದೆಯಲ್ರೀ: ಬಾಬ್ತು. ಲಾರಿ ಬಾಡಿಗೆ, ಹಮಾಲಿ ಯಾವುದೂ ಚೀಲದೊಳಗೆ ಇರಲ್ಲ, ಆದರೂ ಅವು ಆ ಚೀಲದ ಬಾಬ್ತೇ. ಇದೂ ಹಾಗೇ. ‘ತಯಾರಿಕೆ ಬಾಬ್ತು ಸಿಓ2’ ಅಂತ ಹಾಕಿ, ಕೆಳಗೆ ಎರಡು ಸಾಲು: ‘ವೈರ್ ರಾಡ್ ಬಾಬ್ತು’ (ಬೋಲ್ಟು ಮಾಡಲು ಮಿಲ್ಲಿನಿಂದ ತರುವ ಉಕ್ಕಿನ ಸರಳು), ‘ಫರ್ನೇಸ್ ಬಾಬ್ತು’.
ಮೊದಲನೆಯದರಲ್ಲೇ ಎಡವುವುದು. 1,050 ಕೆ.ಜಿ. ರಾಡ್ ಎಳೆದು, ತಲೆ ಹೊಡೆದು, 1,000 ಕೆ.ಜಿ. ಬೋಲ್ಟು ಬಂದರೆ ರಾಡಿನ ಅಂಕಿಯನ್ನು 1.05ರಿಂದ ಗುಣಿಸಬೇಕು. ಮಿಲ್‌ನವರು 2.3 ಕೊಟ್ಟಿದ್ದರೆ ನಿಮ್ಮದು 2.415. ಉಳಿದ ಚೂರು ಗುಜರಿಗೆ ಮಾರಿದರೂ ಅದರ ಬಾಬ್ತು ನಿಮ್ಮ ತಲೆಗೇ, ಗುಜರಿಯ ಜೊತೆ ದಾಟಿಸುವಂತಿಲ್ಲ. ಎರಡನೆಯದಕ್ಕೆ ಹದ ಕೊಡುವ ಫರ್ನೇಸಿನ ಗ್ಯಾಸು, ಡೀಸೆಲ್ಲು ಸೇರಿಸಿ. ಬೆಸ್ಕಾಂ ಬಿಲ್ಲು ಬೇಡ, ಉಕ್ಕಿನ ಮಾಲಿಗೆ ಈಗ ನೇರ ಹೊರಸೂಸುವಿಕೆ ಮಾತ್ರ, ಅಂದರೆ ಕುಲುಮೆ, ಫರ್ನೇಸಿನಿಂದಲೇ ಹೊರಬಿದ್ದದ್ದು.

ಮರು: ಹೊಸದುರ್ಗ
ಬಾಬ್ತು ಪಾರಸಿಯಿಂದ ಬಂದದ್ದು. ಸಂಸ್ಕೃತ ಬಿಟ್ಟು ಪಾರಸಿಗೆ ಬಿದ್ದಿರಿ.

ಮರು: ದಾವಣಗೆರೆ, ಮಂಡಿಪೇಟೆ
ಖರ್ಚು, ರಸೀದಿ, ಗುಮಾಸ್ತ, ದಫ್ತರ ಇವನ್ನೆಲ್ಲ ಮೊದಲು ವಾಪಸ್ ಕಳಿಸಿ ಬನ್ನಿ. ಬೋಲ್ಟನ್ನೂ.

ದಾವಣಗೆರೆಯಿಂದ:
‘ತಯಾರಿಕೆ ಬಾಬ್ತು ಸಿಓ2, ಟನ್ ಮಾಲಿಗೆ ಟನ್’ ಎಂದು ಹಾಕುತ್ತಿದ್ದೇನೆ. ಇನ್ನೊಂದು ಉಳಿದಿದೆ. ವೈರ್ ರಾಡಿನಂಥದ್ದಕ್ಕೆ ಯುರೋಪಿನವರು ‘ಪ್ರಿಕರ್ಸರ್’ ಅನ್ನುತ್ತಾರೆ. ‘ಕಚ್ಚಾ ಮಾಲು’ ಸಾಕೇ?

ಮರು: ಹೊಸದುರ್ಗ
ಮುನ್ಸರಕು.

ಮರು: ಚಿತ್ರದುರ್ಗ
ಅಪರೂಪಕ್ಕೆ ಒಪ್ಪಿದೆ. ‘ಕಚ್ಚಾ ಮಾಲು’ ಮಾತ್ರ ಬೇಡ. ಅದಿರು ಕಚ್ಚಾ ಮಾಲು, ಅದಕ್ಕೆ ಸೊನ್ನೆ ಹಾಕಿ ಮುಂದೆ ಹೋಗುತ್ತಾರೆ. ರಾಡಿಗೂ ಅದೇ ಸೊನ್ನೆ ಬಿದ್ದರೆ ಆ 2.415 ಅಷ್ಟೂ ಹಾರಿಹೋಗಿ ಫರ್ನೇಸಿನ ಡೀಸೆಲ್ ಒಂದೇ ಉಳಿಯುತ್ತದೆ.