ಪದಚರ್ಚೆ: ನಿಮ್ಮ ಕಡೆ ‘ತಲೆಸುತ್ತು’ ಅಂದರೆ ಏನೇನು?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಕೂತಲ್ಲೇ ಮನೆಯೆಲ್ಲ ಗಿರಗಿರ ತಿರುಗಿದ ಹಾಗಾಗುವುದು ಒಂದು. ಕೂತವರು ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಕವಿದು ಇನ್ನೇನು ಬಿದ್ದೇ ಹೋಗುತ್ತೇನೆ ಅನ್ನಿಸುವುದು ಇನ್ನೊಂದು. ಇವೆರಡಕ್ಕೂ ನಿಮ್ಮ ಊರಲ್ಲಿ ಬೇರೆ ಬೇರೆ ಮಾತಿದೆಯೇ, ಇಲ್ಲ ಎರಡನ್ನೂ ‘ತಲೆಸುತ್ತು’ ಎಂದೇ ಹೇಳುತ್ತಾರೆಯೇ?

ಯಾಕೆ ಕೇಳುತ್ತಿದ್ದೇನೆಂದರೆ, ನಾನು ವೈದ್ಯಕೀಯ ಕಾಲೇಜೊಂದರ ಮೆಡಿಸಿನ್ ವಿಭಾಗದಲ್ಲಿ ಪಾಠ ಮಾಡುವವನು. ಫೈನಲ್ ಇಯರ್ ಮಕ್ಕಳಿಗೆ ಪರೀಕ್ಷೆ ಹತ್ತಿರ ಬಂದಿದೆ, ಸಂಜೆ ಹೊತ್ತು ವಾರ್ಡಿನಲ್ಲೇ ರಿವಿಷನ್ ಮಾಡಿಸುತ್ತೇನೆ. ಯಾವ ಕಾಯಿಲೆಗೆ ಯಾವ ಲಕ್ಷಣ, ಅದು ಎಷ್ಟು ಹೊತ್ತು ಇರುತ್ತದೆ, ಯಾವ ಅಂಕಿ ದಾಟಿದರೆ ಅಪಾಯ ಎಂಬುದೆಲ್ಲ ಅವರಿಗೆ ಇಂಗ್ಲಿಷಿನಲ್ಲಿ ಬಾಯಿಪಾಠ. ಆದರೆ ಪರೀಕ್ಷೆಯ ದಿನ ಎದುರಿಗೆ ಮಲಗಿರುವವರು ಹಾವೇರಿ ಕಡೆಯ ಅಜ್ಜ, ಇಲ್ಲವೇ ಚನ್ನಗಿರಿ ಕಡೆಯ ಅಕ್ಕ. ಲಾಂಗ್ ಕೇಸಿನಲ್ಲಿ, ಅಂದರೆ ಒಬ್ಬ ರೋಗಿಯನ್ನು ಪೂರ್ತಿಯಾಗಿ ವಿಚಾರಿಸಿ, ಪರೀಕ್ಷಿಸಿ ಒಪ್ಪಿಸುವ ಪರೀಕ್ಷೆಯಲ್ಲಿ, ಮೊದಲು ಬರೆಯಬೇಕಾದ್ದು ರೋಗಿ ಹೇಳುವ ತೊಂದರೆ. ಅದನ್ನು ರೋಗಿಯ ಮಾತಿನಲ್ಲೇ, ಯಾವುದು ಮೊದಲು ಬಂತೋ ಆ ಕ್ರಮದಲ್ಲಿ, ಎಷ್ಟು ದಿನದಿಂದ ಎಂಬುದರ ಸಮೇತ ಬರೆಯಬೇಕು. ನಾವೆಲ್ಲ ಕಲಿತದ್ದೂ ಕಲಿಸುವುದೂ ಇದನ್ನೇ. ಕೇಸ್ ಶೀಟ್ ತೆರೆದರೆ ಮಾತ್ರ ಅಲ್ಲಿರುವುದು ‘ಗಿಡ್ಡಿನೆಸ್, ಮೂರು ದಿನದಿಂದ’. ಅಜ್ಜ ಬಾಯಿಬಿಟ್ಟು ಹೇಳಿದ್ದೇನು ಎಂಬುದು ಅಲ್ಲಿಗೆ ಕಳೆದುಹೋಯಿತು.

ಕೇರಳದಿಂದಲೋ ರಾಜಸ್ಥಾನದಿಂದಲೋ ಬಂದ ಮಕ್ಕಳ ಕಷ್ಟ ಮಾತ್ರ ಇದು ಎಂದುಕೊಳ್ಳಬೇಡಿ. 2019ರಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ ಮೊದಲ ವರ್ಷದ ಫೌಂಡೇಶನ್ ಕೋರ್ಸಿನಲ್ಲೇ ಸ್ಥಳೀಯ ಭಾಷೆಯ ಕಲಿಕೆಯೂ ಇದೆ. ಅವರು ‘ಎಲ್ಲಿ ನೋವು, ಎಷ್ಟು ದಿನದಿಂದ’ ಎಂದು ಕೇಳುವಷ್ಟು ಕಲಿತೇ ಬಂದಿರುತ್ತಾರೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಕನ್ನಡದ ಮಕ್ಕಳಿಗೂ ‘ಬವಳಿ ಬಂತು ಕಣಪ್ಪ’ ಎಂದರೆ ಮುಂದೆ ಏನು ಕೇಳಬೇಕೆಂದು ತೋಚುವುದಿಲ್ಲ.

ಇನ್ನು ವಿಷಯಕ್ಕೆ. ತಿರುಗಿದ ಹಾಗಾಗುವುದು ಒಳಗಿವಿಯ ಇಲ್ಲವೇ ಹಿಂಮೆದುಳಿನ ಕಡೆ ಬೆರಳು ಮಾಡುತ್ತದೆ. ಕತ್ತಲೆ ಕವಿಯುವುದು ಹೃದಯ, ರಕ್ತದೊತ್ತಡ, ರಕ್ತದ ನಷ್ಟದ ಕಡೆ. ತಲೆ ಸರಿಯಾಗೇ ಇದೆ, ನಡೆಯುವಾಗ ಮಾತ್ರ ಆಯ ತಪ್ಪುತ್ತದೆ ಎನ್ನುವುದು ಮೂರನೆಯದು. ಅದು ನರ, ಬೆನ್ನುಹುರಿ, ಕಿರುಮೆದುಳಿನ ವಿಚಾರ. ಈ ಮೂರರಲ್ಲೂ ಸೇರದೆ ತಲೆ ಹಗುರಾದ ಹಾಗೆ, ತೇಲಿದ ಹಾಗೆ ಅನ್ನಿಸುವುದು ನಾಲ್ಕನೆಯದು. ಈ ನಾಲ್ಕು ಬಗೆಯ ವಿಂಗಡಣೆ 1972ರಲ್ಲಿ ಡ್ರಾಕ್‌ಮನ್ ಮತ್ತು ಹಾರ್ಟ್ ಎಂಬ ವೈದ್ಯರು ಕೊಟ್ಟದ್ದು. ಪರೀಕ್ಷೆಗೆ ಓದುವವರೆಲ್ಲ ಇವತ್ತಿಗೂ ಇದನ್ನು ಓದುತ್ತಾರೆ.

ಆದರೆ ರೋಗಿಗಳು ತಮ್ಮ ಅನುಭವಕ್ಕೆ ಕೊಡುವ ಹೆಸರು ಗಟ್ಟಿಯಾಗಿ ನಿಲ್ಲುವುದಿಲ್ಲ, ಮತ್ತೊಮ್ಮೆ ಕೇಳಿದರೆ ಬದಲಾಗುತ್ತದೆ. ಹಾಗಾಗಿ ಈಗ ನಾವು ‘ಹೇಗಾಗುತ್ತದೆ’ ಎನ್ನುವುದಕ್ಕಿಂತ ‘ಏನು ಮಾಡಿದಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ’ ಎನ್ನುವುದಕ್ಕೆ ಹೆಚ್ಚು ತೂಕ ಕೊಡುತ್ತೇವೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಬಂದು ಒಂದು ನಿಮಿಷದೊಳಗೆ ನಿಂತರೆ ಒಳಗಿವಿಯ ಸುಣ್ಣದ ಹರಳು ಜಾಗ ತಪ್ಪಿದ ತೊಂದರೆ. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ ಥಟ್ಟನೆ ಮಲಗಿಸಿ ನೋಡುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಮಾಡಿದರೆ ಕಣ್ಣುಗುಡ್ಡೆ ಅದುರುವುದು ಕಾಣುತ್ತದೆ. ಇಪ್ಪತ್ತು ನಿಮಿಷದಿಂದ ಹನ್ನೆರಡು ಗಂಟೆವರೆಗೆ ಇದ್ದು, ಜೊತೆಗೆ ಕಿವಿ ಕಟ್ಟಿ, ಗುಂಯ್ ಎಂದು, ಕೇಳುವುದು ಕಡಿಮೆಯಾದರೆ ಒಳಗಿವಿಯದೇ ಇನ್ನೊಂದು ತೊಂದರೆ, ಮೆನಿಯೇರ್ ಕಾಯಿಲೆ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿ.ಪಿ. 20 ಇಲ್ಲವೇ ಕೆಳಗಿನದು 10 ಇಳಿದರೆ ನಿಂತಾಗ ಬಿ.ಪಿ. ಬೀಳುವ ತೊಂದರೆ. ದಿಬ್ಬ ಹತ್ತುವಾಗ ಕಣ್ಣು ಕತ್ತಲೆ ಬಂದು ಎಚ್ಚರ ತಪ್ಪಿದರೆ ಮಹಾಧಮನಿಯ ಕವಾಟ ಕಿರಿದಾಗಿರಬಹುದು, ಎದೆಗೆ ಸ್ಟೆತಸ್ಕೋಪ್ ಇಡದೆ ಮುಂದೆ ಹೋಗುವ ಹಾಗಿಲ್ಲ. ತಲೆ ತಿರುಗುವುದರ ಜೊತೆಗೆ ಎರಡೆರಡು ಕಾಣುವುದು, ಮಾತು ತೊದಲುವುದು, ನುಂಗಲು ಕಷ್ಟವಾಗುವುದು ಸೇರಿದರೆ ಮೆದುಳಿನ ಹಿಂಭಾಗದ ಸ್ಟ್ರೋಕ್ ಇರಬಹುದು, ಒಂದು ಕ್ಷಣವೂ ತಡಮಾಡಬಾರದು.

ಇಷ್ಟು ಮಕ್ಕಳಿಗೆ ಗೊತ್ತು. ಅವರು ಎಡವುವುದು ಉತ್ತರ ಕೇಳಿಸಿಕೊಳ್ಳುವಾಗ. ‘ಎಷ್ಟು ಹೊತ್ತು ಇರುತ್ತೆ ಅಜ್ಜ?’ ಎಂದರೆ ಅಜ್ಜ ‘ಒಂದು ಗಳಿಗೆ’ ಎನ್ನುತ್ತಾರೆ. ಪಂಚಾಂಗದ ಲೆಕ್ಕದಲ್ಲಿ ಗಳಿಗೆ ಎಂದರೆ 24 ನಿಮಿಷ. ನಿಘಂಟು ತೆಗೆದು ನೋಡಿದ ಹುಡುಗಿ ನೇರವಾಗಿ ಮೆನಿಯೇರ್‌ಗೆ ಹೋಗುತ್ತಾಳೆ. ಅಜ್ಜ ಹೇಳಿದ್ದು ಕಣ್ಣುಮುಚ್ಚಿ ತೆಗೆಯುವಷ್ಟು ಹೊತ್ತು ಎಂದು. ಹಾಗಾಗಿ ನಾನು ಈಗ ಹೇಳಿಕೊಡುವುದು ಹೀಗೆ: ‘ಅದು ಶುರುವಾದಾಗ ಒಂದು, ಎರಡು, ಮೂರು ಅಂತ ಎಣಿಸಿದರೆ ಐವತ್ತರೊಳಗೆ ನಿಲ್ಲುತ್ತಾ? ಇಲ್ಲ ಅನ್ನ ಬೇಯುವಷ್ಟು ಹೊತ್ತು ಇರುತ್ತಾ? ಇಲ್ಲ ಬೆಳಗಿನಿಂದ ಸಂಜೆವರೆಗೂ ಇರುತ್ತಾ?’ ನಿಮ್ಮ ಕಡೆ ಗಳಿಗೆ, ಗಳಿಗ್ಗಿ, ಚಣ, ತಾಸು ಇವುಗಳಲ್ಲಿ ಯಾವುದನ್ನು ಲೆಕ್ಕಕ್ಕೆ ಬಳಸುತ್ತಾರೆ, ಯಾವುದನ್ನು ಸುಮ್ಮನೆ ‘ಸ್ವಲ್ಪ ಹೊತ್ತು’ ಎನ್ನುವ ಅರ್ಥದಲ್ಲಿ? ಉತ್ತರ ಕರ್ನಾಟಕದ ‘ತಾಸು’ ನಿಜವಾಗಿ ಗಂಟೆಯೇ ಎಂದು ನನ್ನ ಅನುಭವ. ಆ ಕಡೆಯವರು ಹೌದೋ ಅಲ್ಲವೋ ತಿಳಿಸಬೇಕು.

ತಲೆಸುತ್ತಿಗೇ ಮರಳಿದರೆ, ನಾನು ಕೇಳಿಸಿಕೊಂಡ ಮಾತುಗಳು ಇವು: ತಲೆ ಗಿರ್ ಅನ್ನೋದು, ತಲೆ ದಿಮ್ಮನ್ನೋದು, ಕಣ್ಣು ಕತ್ತಲೆ, ಬವಳಿ, ಚಕ್ಕರ್, ಜೋಲಿ ತಪ್ಪೋದು, ಆಯ ತಪ್ಪೋದು, ಪಿತ್ತ ಏರೋದು. ಕರಾವಳಿಯವರು ‘ತಲೆ ತಿರುಗ್ತದೆ’ ಎನ್ನುತ್ತಾರೆ. ಹಳೇ ಮೈಸೂರಿನ ಕಡೆ ‘ತಲೆ ತಿರುಗಿದೆಯಾ ನಿನಗೆ’ ಎಂದರೆ ಅದು ಸೊಕ್ಕಿನ ಮಾತಾಗುತ್ತದೆ. ‘ಜೋಲಿ’, ‘ಆಯ’ ಎರಡೂ ನಡಿಗೆಗೆ ಸೇರಿದವು ಎಂದು ನನ್ನ ಗ್ರಹಿಕೆ. ಗಿರ್ ಎನ್ನುವುದು ಸುತ್ತುವುದಕ್ಕೇ ಹೊಂದುತ್ತದೆ. ಬಿಡಿಸಲಾಗದೆ ಉಳಿದಿರುವುದು ‘ಬವಳಿ’. ವಯಸ್ಸಾದವರಲ್ಲಿ ಕೆಲವರು ಅದನ್ನು ಸುತ್ತುವುದಕ್ಕೆ ಹೇಳಿದರೆ ಕೆಲವರು ಎಚ್ಚರ ತಪ್ಪುವುದಕ್ಕೆ ಹೇಳುತ್ತಾರೆ. ಆಯುರ್ವೇದದವರು ಭ್ರಮವನ್ನೂ ಮೂರ್ಛೆಯನ್ನೂ ಬೇರೆ ಬೇರೆಯಾಗಿಯೇ ಇಟ್ಟಿದ್ದರು. ಈಗ ‘ಭ್ರಮೆ’ ಎಂದರೆ ಜನ ಮನಸ್ಸಿನ ಕಾಯಿಲೆ ಎಂದುಕೊಳ್ಳುತ್ತಾರೆ, ಅದನ್ನು ವಾರ್ಡಿಗೆ ತರಲಾಗದು.

ಶಿರೋಭ್ರಮಣದಂಥ ಹೊಸ ಪದ ಕಟ್ಟಿಕೊಡಿ ಎಂದು ನಾನು ಕೇಳುತ್ತಿಲ್ಲ. ಹಾಸಿಗೆಯ ಪಕ್ಕದಲ್ಲಿ ನಾಮಪದಕ್ಕಿಂತ ಪ್ರಶ್ನೆಯೇ ಕೆಲಸಕ್ಕೆ ಬರುವುದು. ನರದ ಕೇಸಿನಲ್ಲಿ ನಮ್ಮ ಮೇಷ್ಟ್ರುಗಳು ತಲೆಮಾರಿನಿಂದ ಕೇಳುತ್ತಾ ಬಂದ ಒಂದು ಪ್ರಶ್ನೆಯನ್ನೇ ನೋಡಿ: ‘ನಡೆಯುವಾಗ ಕಾಲಿಂದ ಚಪ್ಪಲಿ ಜಾರುತ್ತಾ? ಜಾರಿದ್ದು ಗೊತ್ತಾಗುತ್ತಾ?’ ಜಾರಿದ್ದು ಗೊತ್ತಾಗಿಯೂ ಹಿಡಿದುಕೊಳ್ಳಲಾಗದಿದ್ದರೆ ಪಾದದ ಸ್ನಾಯುಗಳಲ್ಲಿ ಬಲವಿಲ್ಲ. ಜಾರಿದ್ದೇ ಗೊತ್ತಾಗದೆ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದರೆ ಸ್ಪರ್ಶವೇ ಹೋಗಿದೆ. ಕಣ್ಣು ಮುಚ್ಚಿ ಮುಖ ತೊಳೆಯುವಾಗ ಮುಂದಕ್ಕೆ ವಾಲಿದರೆ ಬೆನ್ನುಹುರಿಯ ಹಿಂಭಾಗದ ನರಗಳು, ಅಂದರೆ ಬಿ12 ಕೊರತೆಯಂಥವು, ನೆನಪಿಗೆ ಬರಬೇಕು. ಕುಕ್ಕರಗಾಲಲ್ಲಿ ಕೂತು ಏಳಲು ಆಗದಿದ್ದರೆ ತೊಡೆ, ಸೊಂಟದ ಸ್ನಾಯು. ಅನ್ನ ಕಲಸಲು ಆಗದಿದ್ದರೆ ಬೆರಳು. ಪಠ್ಯದ ಎಷ್ಟೋ ಪುಟಗಳ ಸಾರ ಈ ನಾಲ್ಕಾರು ವಾಕ್ಯಗಳಲ್ಲಿ ಇದೆ, ಕಟ್ಟಿದ ಪದ ಒಂದೂ ಇಲ್ಲ. ತಲೆಸುತ್ತಿಗೂ ಇಂಥವೇ ಬೇಕು.

ಎರಡನೆಯ ಪ್ರಶ್ನೆ ‘ರಕ್ತ ಕಾರುವುದು’. ಕೆಮ್ಮಿನ ಜೊತೆ ಬಂದ ರಕ್ತಕ್ಕೂ ವಾಂತಿಯಲ್ಲಿ ಬಂದ ರಕ್ತಕ್ಕೂ ನಮ್ಮ ಸೀಮೆಯಲ್ಲಿ ಇದೇ ಮಾತು. ಒಂದು ಶ್ವಾಸಕೋಶದ್ದು: ಕ್ಷಯ, ಹೃದಯದ ಮೈಟ್ರಲ್ ಕವಾಟ ಕಿರಿದಾಗುವುದು, ಶ್ವಾಸನಾಳ ಹಿಗ್ಗುವುದು. ಇನ್ನೊಂದು ಹೊಟ್ಟೆಯದು: ಅಲ್ಸರ್, ಲಿವರ್ ಕೆಟ್ಟು ಅನ್ನನಾಳದ ರಕ್ತನಾಳ ಉಬ್ಬಿ ಒಡೆಯುವುದು. ಮಕ್ಕಳ ಪಟ್ಟಿಯಲ್ಲಿ ಎರಡರ ವ್ಯತ್ಯಾಸ ಚೆನ್ನಾಗಿಯೇ ಇದೆ. ಕೆಮ್ಮಿನದು ಕೆಂಪಗೆ, ನೊರೆನೊರೆ, ಕಫದ ಜೊತೆ. ವಾಂತಿಯದು ಕಪ್ಪಗೆ, ಕಾಫಿ ಚರಟದ ಬಣ್ಣ, ಅನ್ನದ ಅಗುಳಿನ ಜೊತೆ, ಆಮೇಲೆ ಡಾಂಬರಿನ ಹಾಗೆ ಕಪ್ಪಾದ, ಅಂಟಾದ, ಗಬ್ಬು ನಾರುವ ಮಲ. ಆ ಕೊನೆಯ ಪ್ರಶ್ನೆ ಕೇಳುವಾಗ ಕಬ್ಬಿಣದ ಮಾತ್ರೆ ನುಂಗುತ್ತಿದ್ದಾರೆಯೇ ಎಂದೂ ಕೇಳಬೇಕು, ಅದರಿಂದಲೂ ಮಲ ಕಪ್ಪಾಗುತ್ತದೆ. ‘ಕಾಫಿ ಚರಟ’ ಎಂದರೆ ಚಿಕ್ಕಮಗಳೂರಿನವರಿಗೆ ತಕ್ಷಣ ಹೊಳೆಯುತ್ತದೆ. ಚಹಾ ಬಿಟ್ಟು ಬೇರೇನೂ ಕುಡಿಯದ ಮನೆಯವರಿಗೆ ಏನೆಂದು ಹೇಳಿದರೆ ಆ ಬಣ್ಣ ಕಣ್ಣಿಗೆ ಕಟ್ಟೀತು? ‘ಕಾರು’, ‘ಕಕ್ಕು’ ಇವೆರಡರಲ್ಲಿ ಯಾವುದಾದರೂ ವಾಂತಿಗೇ ಮೀಸಲಾಗಿರುವ ಊರುಗಳಿವೆಯೇ?

ಮೂರನೆಯದು ಹೆರಿಗೆ ವಿಭಾಗದ್ದು. ಅಲ್ಲಿನ ಸಹೋದ್ಯೋಗಿಯೊಬ್ಬರು ಕೇಳಲು ಹೇಳಿದ್ದು, ನನಗೂ ಬಹಳ ಮುಖ್ಯ ಅನ್ನಿಸಿದೆ. ‘ಎಷ್ಟು ತಿಂಗಳು ಅಮ್ಮ?’ ಎಂದರೆ ‘ಒಂಬತ್ತರಲ್ಲಿ ಬಿದ್ದಿದೆ’ ಎನ್ನುತ್ತಾರೆ. ಹಾಗೆಂದರೆ ಎಂಟು ತುಂಬಿ ಒಂಬತ್ತನೆಯದು ನಡೆಯುತ್ತಿದೆ, ಹೆಚ್ಚುಕಡಿಮೆ 35 ವಾರ. ‘ಒಂಬತ್ತು ತುಂಬಿದೆ’ ಎಂದರೆ 39 ವಾರ. 37 ವಾರ ತುಂಬುವ ಮೊದಲು ಹೆರಿಗೆ ನೋವು ಬಂದರೆ ಅದು ಅವಧಿಗೆ ಮುಂಚಿನ ಹೆರಿಗೆ, ಮಗುವಿಗೆ ಬೇಕಾದ ಸಿದ್ಧತೆಯೇ ಬೇರೆ. ಒಂದೇ ಕ್ರಿಯಾಪದದಲ್ಲಿ ಒಂದು ತಿಂಗಳ ಅಂತರ ಅಡಗಿದೆ, ಕೇಸ್ ಶೀಟಿನಲ್ಲಿ ಎರಡೂ ‘ನೈನ್ ಮಂತ್ಸ್’ ಆಗಿಬಿಡುತ್ತವೆ. ಕೊನೆಯ ಮುಟ್ಟಿನ ತಾರೀಕು ಸಿಕ್ಕರೆ ಈ ಗೊಂದಲವಿಲ್ಲ. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಕೂಡಿಸಿದರೆ ಹೆರಿಗೆಯ ಅಂದಾಜು ತಾರೀಕು ಸಿಕ್ಕಿತು, ಜನವರಿ 10ಕ್ಕೆ ಅಕ್ಟೋಬರ್ 17. ಆದರೆ ಎಷ್ಟೋ ಹೆಂಗಸರು ಹೇಳುವುದು ‘ಗೌರಿಹಬ್ಬದ ಮಾರನೇ ದಿನ ಹೊರಗಾಗಿದ್ದೆ’ ಎಂದು. ಅದು ತಾರೀಕಿನಷ್ಟೇ ಖಚಿತ ಉತ್ತರ, ಕ್ಯಾಲೆಂಡರ್ ನೋಡಿದರೆ ಮುಗಿಯಿತು. ಅದನ್ನು ‘ತಾರೀಕು ಗೊತ್ತಿಲ್ಲ’ ಎಂದು ಬರೆದುಕೊಳ್ಳಬಾರದು. ‘ಬಿದ್ದಿದೆ’, ‘ನಡೀತಿದೆ’, ‘ತುಂಬಿದೆ’ ಇವು ಎಲ್ಲ ಕಡೆ ಇದೇ ಅರ್ಥದಲ್ಲಿವೆಯೇ? ‘ಹೊರಗಾಗು’ ಎನ್ನುವುದಕ್ಕೆ, ಹೆಂಗಸರು ಗಂಡು ವಿದ್ಯಾರ್ಥಿಯ ಎದುರೂ ಸಂಕೋಚವಿಲ್ಲದೆ ಹೇಳಬಲ್ಲ ಮಾತು ನಿಮ್ಮಲ್ಲಿ ಯಾವುದಿದೆ?

ಸಣ್ಣವು ಎರಡು. ‘ತೇಕು’ ಎಂದರೆ ಏದುಸಿರು, ‘ತೇಗು’ ಎಂದರೆ ಡರ್ರನೆ ಬರುವ ತೇಗು. ಮಲಯಾಳಿ ಹುಡುಗನ ಕಿವಿಗೆ ಎರಡೂ ಒಂದೇ. ಒಂದು ಹೃದಯದ ಕೇಸು, ಇನ್ನೊಂದು ಅಜೀರ್ಣ. ಮತ್ತೆ ‘ಸುಸ್ತು’. ಉಸಿರು ಸಾಲದ್ದಕ್ಕೂ, ಮೈಯಲ್ಲಿ ಶಕ್ತಿ ಇಲ್ಲದ್ದಕ್ಕೂ, ಮನಸ್ಸು ಬೇಸತ್ತದ್ದಕ್ಕೂ ಅದೊಂದೇ. ‘ಮೆಟ್ಟಿಲು ಹತ್ತುವಾಗ ಮೊದಲು ನಿಲ್ಲಿಸೋದು ಕಾಲೋ, ಉಸಿರೋ?’ ಎಂದು ಕೇಳಲು ಹೇಳಿಕೊಟ್ಟಿದ್ದೇನೆ, ಸಾಕಷ್ಟು ಕೆಲಸ ಮಾಡುತ್ತದೆ. ಇದಕ್ಕಿಂತ ಒಳ್ಳೆಯ ಪ್ರಶ್ನೆ ಯಾರಿಗಾದರೂ ಹೊಳೆದರೆ ಕೊಡಿ.

ಉತ್ತರಿಸುವವರಲ್ಲಿ ಒಂದು ಕೋರಿಕೆ. ಪದವನ್ನಷ್ಟೇ ಬರೆಯದೆ, ಅದನ್ನು ಬಳಸಿದ ಇಡೀ ವಾಕ್ಯವನ್ನು, ಮನೆಯಲ್ಲಿ ಆಡುವ ಹಾಗೆಯೇ, ಗ್ರಂಥಸ್ಥ ರೂಪಕ್ಕೆ ತಿದ್ದದೆ ಬರೆಯಿರಿ. ಯಾವ ತಾಲ್ಲೂಕು, ಆಡಿದವರು ಎಷ್ಟು ವಯಸ್ಸಿನವರು ಎಂಬುದೂ ಇರಲಿ. ಬವಳಿಯ ಬಗ್ಗೆ ಗೊತ್ತಿರುವವರು ದಯವಿಟ್ಟು ಮೊದಲು ಬರೆಯಿರಿ. ಪರೀಕ್ಷೆಗೆ ಮುಂಚೆ ಮಕ್ಕಳ ಕೈಗೆ ಒಂದು ಹಾಳೆ ಕೊಡಬೇಕೆಂದಿದ್ದೇನೆ, ಅದರಲ್ಲಿ ಆ ಸಾಲು ಇನ್ನೂ ಖಾಲಿ ಇದೆ.