ಅಮ್ಮ, ದೊಡ್ಡಮ್ಮನ ಹೆಸರಲ್ಲಿ ಕಾಲೇಜು ಸ್ಕಾಲರ್‌ಶಿಪ್: ಕರಾರಿಗೆ ಸಹಿ ಹಾಕುವ ಮೊದಲು ಏನು ನೋಡಬೇಕು?

ಪ್ರಶ್ನೆ: ಅಮ್ಮ, ದೊಡ್ಡಮ್ಮ ಇಬ್ಬರೂ ಅಮೆರಿಕದ ಒಂದೇ ಕಾಲೇಜಿನಲ್ಲಿ ಓದಿದವರು. ಒಬ್ಬರು ಗ್ರಂಥಾಲಯ ಮಂಡಳಿಯಲ್ಲಿ, ಇನ್ನೊಬ್ಬರು ಮತಗಟ್ಟೆಯಲ್ಲಿ ವರ್ಷಗಟ್ಟಲೆ ದುಡಿದರು. ಮಕ್ಕಳೆಲ್ಲ ಸೇರಿ 50,000 ಡಾಲರ್ ದತ್ತಿ ಇಡುತ್ತಿದ್ದೇವೆ. ಊರಿನ ಕೆಲಸಕ್ಕೆ ಮುಂದಾಗುವ ಹೆಣ್ಣುಮಕ್ಕಳಿಗೆ ಸಿಗಬೇಕು, ಆಯ್ಕೆ ನಮ್ಮ ಕೈಯಲ್ಲಿರಬೇಕು ಎಂಬ ಆಸೆ. ಕಾಲೇಜಿನಿಂದ ಕರಾರಿನ ಕರಡು ಬಂದಿದೆ. ಏನು ನೋಡಬೇಕು ಸರ್?

ಉತ್ತರ (ದತ್ತಿ ಕರಾರುಗಳ ವಕೀಲರು): ಮೊದಲು ಲೆಕ್ಕ. ದತ್ತಿಯ ಮೂಲಧನ ಮುಟ್ಟುವುದಿಲ್ಲ. ಸಾಮಾನ್ಯವಾಗಿ ವರ್ಷಕ್ಕೆ ಶೇಕಡಾ 4ರಿಂದ 5 ಮಾತ್ರ ಹಂಚುತ್ತಾರೆ. 4ರಂತೆ ಹಿಡಿದರೆ ನಿಮ್ಮ ನಿಧಿಯಿಂದ ವರ್ಷಕ್ಕೆ 2,000 ಡಾಲರ್. ಇದನ್ನು ಇಬ್ಬರಿಗೆ ಹಂಚಬೇಡಿ, ಒಬ್ಬಳಿಗೇ ಕೊಡಿ. ಹಣ ಕಂತಿನಲ್ಲಿ ಕಟ್ಟುವುದಾದರೆ ಮೊದಲ ಸ್ಕಾಲರ್‌ಶಿಪ್ ಯಾವ ವರ್ಷ ಎಂದು ಕರಾರಿನಲ್ಲೇ ಬರೆಸಿ. ಮಾರುಕಟ್ಟೆ ಬಿದ್ದು ನಿಧಿ ಮೂಲ ದೇಣಿಗೆಗಿಂತ ಕೆಳಗಿಳಿದರೆ ಆ ವರ್ಷ ಹಂಚುತ್ತಾರೋ ನಿಲ್ಲಿಸುತ್ತಾರೋ, ಅದನ್ನೂ ಕೇಳಿ.

ಆಯ್ಕೆಯ ಆಸೆ ಬಿಡಿ. ಇಂಥವಳಿಗೇ ಕೊಡಿ ಎಂದು ದಾನಿ ಹೆಸರು ಸೂಚಿಸಿದರೆ ತೆರಿಗೆ ಕಾನೂನಿನ ಪ್ರಕಾರ ಅದು ಆ ವ್ಯಕ್ತಿಗೆ ಕೊಟ್ಟ ಹಣ, ವಿನಾಯಿತಿ ಸಿಗುವುದಿಲ್ಲ. ನಿಮ್ಮ ಹಕ್ಕು ಮಾನದಂಡ ಬರೆಯುವುದರಲ್ಲಿದೆ, ಅದನ್ನು ಪೂರ್ತಿ ಬಳಸಿಕೊಳ್ಳಿ.

ಹೆಣ್ಣುಮಕ್ಕಳಿಗೆ ಮಾತ್ರ ಎನ್ನುವ ಷರತ್ತು ಸೂಕ್ಷ್ಮ. ಶಿಕ್ಷಣದಲ್ಲಿ ಲಿಂಗಭೇದ ತಡೆಯುವ ಅಮೆರಿಕದ 1972ರ ಟೈಟಲ್ ನೈನ್ ಕಾನೂನಿನ ನಿಯಮಗಳು ಉಯಿಲು, ಟ್ರಸ್ಟ್ ಅಥವಾ ಅಂಥ ಪತ್ರದ ಮೂಲಕ ಇಟ್ಟ ಇಂಥ ನಿಧಿಗೆ ಜಾಗ ಕೊಡುತ್ತವೆ. ಆದರೆ ಕಾಲೇಜಿನ ಒಟ್ಟು ನೆರವಿನಲ್ಲಿ ಲಿಂಗಭೇದ ಆಗಬಾರದು. ಅದಕ್ಕೇ ಮೊದಲು ಲಿಂಗ ನೋಡದೆ ಅರ್ಹರನ್ನು ಆರಿಸಿ, ಆಮೇಲೆ ಯಾರಿಗೆ ಯಾವ ನಿಧಿ ಎಂದು ಹೊಂದಿಸುತ್ತಾರೆ. ಈ ಭಾಗವನ್ನು ಕಾಲೇಜಿನ ವಕೀಲರಿಂದಲೇ ಬರೆಸಿ.

ಮರುಪ್ರಶ್ನೆ: ಸ್ಕಾಲರ್‌ಶಿಪ್ ಪಡೆದವಳು ವರ್ಷಕ್ಕೆ 100 ಗಂಟೆ ಸೇವೆ ಮಾಡಬೇಕು ಎಂದು ಹಾಕಬಹುದೇ?

ಉತ್ತರ (ಕಾಲೇಜಿನ ಹಣಕಾಸು ನೆರವು ವಿಭಾಗದವರು): ಬೇಡ ಮೇಡಂ. ಸ್ಕಾಲರ್‌ಶಿಪ್‌ಗೆ ಪ್ರತಿಯಾಗಿ ಕಾಲೇಜಿಗೆ ಕೆಲಸ ಮಾಡಬೇಕೆಂದರೆ ಆ ಮೊತ್ತ ಸಂಬಳವಾಗಿ ತೆರಿಗೆಗೆ ಬೀಳುತ್ತದೆ. ಹೊರಗಿನ ಸೇವೆಯಾದರೂ ಗಂಟೆ ಲೆಕ್ಕ ಇಡುವವರು ಯಾರು? ಸಂಜೆ ಅಂಗಡಿಯಲ್ಲಿ ದುಡಿದು ಫೀಸು ಕಟ್ಟುವ ಹುಡುಗಿ ಅಲ್ಲೇ ಹೊರಗುಳಿಯುತ್ತಾಳೆ; ನಿಮ್ಮ ಹಣ ಹೆಚ್ಚು ಬೇಕಾಗಿರುವುದು ಅವಳಿಗೇ. ಈಗಾಗಲೇ ಮಾಡಿದ ಕೆಲಸ ನೋಡಿ: ಮತಗಟ್ಟೆ, ಗ್ರಂಥಾಲಯ, ನಗರಸಭೆಯ ಸಮಿತಿ, ಅಕ್ಕಪಕ್ಕದ ಮಕ್ಕಳಿಗೆ ಪಾಠ. ಪಕ್ಷ ಅಥವಾ ಅಭ್ಯರ್ಥಿಯ ಹೆಸರು ಮಾನದಂಡದಲ್ಲಿ ಬರಲೇಬಾರದು.

ಮಾನದಂಡ ಬಿಗಿಯಾದಷ್ಟೂ ಹಣ ಖರ್ಚಾಗದೆ ಕೂರುತ್ತದೆ. ‘ರಾಜ್ಯಶಾಸ್ತ್ರ ಓದುವ, ಇದೇ ಜಿಲ್ಲೆಯ, ಇಷ್ಟು ಅಂಕ ಪಡೆದ’ ಎಂದು ಕಡ್ಡಾಯ ಮಾಡಿದರೆ ಎಷ್ಟೋ ವರ್ಷ ಒಬ್ಬಳೂ ಸಿಗುವುದಿಲ್ಲ. ‘ಕಡ್ಡಾಯ’ ಇರುವಲ್ಲೆಲ್ಲ ‘ಆದ್ಯತೆ’ ಎಂದು ಬರೆಸಿ. ಜೊತೆಗೆ, ‘ಅಂಥವರು ಸಿಗದ ವರ್ಷ ನೆರವಿನ ಅಗತ್ಯವಿರುವ ಬೇರೆ ವಿದ್ಯಾರ್ಥಿಗೆ’ ಎಂಬ ಸಾಲು ಇರಲಿ.

ಇನ್ನೊಂದನ್ನು ಹೆಚ್ಚಿನ ದಾನಿಗಳು ಕೇಳುವುದೇ ಇಲ್ಲ. ನಿಮ್ಮ 2,000 ಡಾಲರ್ ಬಂದ ಕೂಡಲೇ ಕಾಲೇಜು ತಾನು ಕೊಡುತ್ತಿದ್ದ ಅನುದಾನದಲ್ಲಿ 2,000 ಕಡಿತ ಮಾಡಬಹುದು. ಆಗ ಹುಡುಗಿಗೆ ಸಿಕ್ಕಿದ್ದು ಸೊನ್ನೆ. ‘ಅವಳ ಒಟ್ಟು ನೆರವಿನಲ್ಲಿ ಮೊದಲು ಸಾಲ, ಆಮೇಲೆ ಕ್ಯಾಂಪಸ್ ಕೆಲಸದ ಪಾಲು ಇಳಿಸಬೇಕು, ಅನುದಾನಕ್ಕೆ ಕೊನೆಗೆ ಕೈಹಾಕಬೇಕು’ ಎಂದು ಕರಾರಿನಲ್ಲಿ ಸೇರಿಸಲು ಒತ್ತಾಯಿಸಿ. ಒಪ್ಪದಿದ್ದರೆ ಅವರ ಪದ್ಧತಿ ಏನೆಂದು ಬರಹದಲ್ಲಿ ಪಡೆಯಿರಿ.

ಬೋಧನಾ ಶುಲ್ಕ, ಪುಸ್ತಕಕ್ಕೆ ಬಳಸಿದ ಹಣಕ್ಕೆ ಅವಳು ತೆರಿಗೆ ಕಟ್ಟಬೇಕಿಲ್ಲ. ಹಾಸ್ಟೆಲ್, ಊಟಕ್ಕೆ ಬಳಸಿದ್ದಕ್ಕೆ ತೆರಿಗೆ ಇದೆ. ಪಡೆದವಳ ಅಂಕ, ವಿವರಗಳನ್ನು ಅವಳ ಒಪ್ಪಿಗೆಯಿಲ್ಲದೆ ನಿಮಗೆ ಕೊಡುವಂತಿಲ್ಲ. ಆದರೆ ಅಮ್ಮ, ದೊಡ್ಡಮ್ಮ ಮಾಡಿದ ಕೆಲಸದ ಬಗ್ಗೆ ನೀವು ಒಂದು ಪುಟ ಬರೆದುಕೊಡಿ, ಆಯ್ಕೆಯ ಪತ್ರದ ಜೊತೆ ಅದೂ ಪ್ರತಿ ವರ್ಷ ಹೋಗಲಿ ಎಂದು ಕರಾರಿನಲ್ಲೇ ಹಾಕಿಸಿ.